ವಸತಿ, ಆಸರೆ, ಸಮುದಾಯ: ಜನಹಿತ ಯೋಜನೆಗಳ ಕೆಲವು ಶಬ್ದಗಳ ವಿಚಾರ

ಶಬ್ದವೊಂದರ ಅರ್ಥವನ್ನು ತಿಳಿಯದೆ ಪದ್ಯವನ್ನೋದಿದವನಿಗೆ ರಸಭಂಗವಾದೀತು. ಅದಕ್ಕಿಂತ ಹೆಚ್ಚಿನ ಕೇಡೇನೂ ಆಗದು. ಆದರೆ ಸರಕಾರದ ಕಾಗದದಲ್ಲಿರುವ ಶಬ್ದದ ಅರ್ಥವನ್ನು ತಿಳಿಯದೆ ಹೆಬ್ಬೆಟ್ಟು ಒತ್ತಿದವನಿಗೆ ಒಮ್ಮೊಮ್ಮೆ ಮನೆಯೇ ತಪ್ಪಿಹೋಗುತ್ತದೆ. ಬಾದಾಮಿ ತಾಲೂಕಿನ ಚೊಳಚಗುಡ್ಡ ಮತ್ತು ಅದರ ನೆರೆಯ ಮಲಪ್ರಭಾ ತೀರದ ಊರುಗಳಲ್ಲಿ ಈ ಮಾತು ಬರಿಯ ಅಲಂಕಾರವಲ್ಲ. ಇಲ್ಲಿ ಒಂದು ಕಡೆ ಬನಶಂಕರಿಯ ಸನ್ನಿಧಿ, ಇನ್ನೊಂದು ಕಡೆ ಹಾನಗಲ್ಲ ಕುಮಾರ ಮಹಾಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರ, ಸ್ವಲ್ಪ ದೂರದಲ್ಲಿ ಒಂದನೆಯ ಪುಲಕೇಶಿಯು ಕ್ರಿ.ಶ. 543ರಲ್ಲಿ ಕೋಟೆ ಕಟ್ಟಿಸಿದುದನ್ನು ಹೇಳುವ ಬಾದಾಮಿಯ ಬಂಡೆಶಾಸನ. ಇಷ್ಟು ಹಳೆಯ ಅಕ್ಷರಗಳ ನಾಡಿನಲ್ಲಿ, ಮನೆಗೆ ಬಂದ ಒಂದು ಹಾಳೆಯನ್ನು ಹಿಡಿದು ‘ತಮ್ಮಾ, ಇದರಾಗ ಏನ ಬರದಾರ ನೋಡು’ ಎಂದು ಶಾಲೆಗೆ ಹೋಗುವ ಮೊಮ್ಮಗನ ಕೈಯಲ್ಲಿ ಕೊಡುವ ಅಜ್ಜಿಯರು ಇಂದಿಗೂ ಇದ್ದಾರೆ. ಆ ಮೊಮ್ಮಗನಿಗೆ ಉಪಯೋಗವಾಗಲೆಂದು ವಸತಿ ಮತ್ತು ಸಮುದಾಯ ಅಭಿವೃದ್ಧಿ ಯೋಜನೆಗಳಲ್ಲಿ ಬಳಕೆಯಾಗುವ ಕೆಲವು ಮುಖ್ಯ ಶಬ್ದಗಳನ್ನು ಇಲ್ಲಿ ವಿಚಾರಿಸಿದೆ. ಪಾಠಪುಸ್ತಕದಲ್ಲಿ ಕಲಿತ ಸಂಧಿ ಸಮಾಸಗಳು ಈ ಕೆಲಸಕ್ಕೂ ಒದಗುತ್ತವೆಂಬುದು ವಿದ್ಯಾರ್ಥಿಗಳಿಗೆ ತಾನಾಗಿಯೇ ತಿಳಿದುಬರುವುದು.

ಮೊದಲು ‘ವಸತಿ’ ಎಂಬ ಶಬ್ದವನ್ನೇ ತೆಗೆದುಕೊಳ್ಳಬಹುದು. ‘ವಸ್’ ಎಂಬ ಧಾತುವಿಗೆ ಇರು, ತಂಗು ಎಂದರ್ಥ. ವಾಸ, ನಿವಾಸ, ಪ್ರವಾಸ, ಉಪವಾಸ ಇವೆಲ್ಲ ಇದೇ ಧಾತುವಿನ ಸಂತಾನ. ಕೇಂದ್ರ ಸರಕಾರದ ಯೋಜನೆಯ ಹೆಸರಿನಲ್ಲಿರುವ ‘ಆವಾಸ’ವೂ ಬೇರೆಯದಲ್ಲ, ಹಿಂದಿಯ ಮೂಲಕ ಬಂದುದರಿಂದ ‘ಆವಾಸ್’ ಎಂದು ಹಲಂತವಾಗಿದೆ, ಅಷ್ಟೆ. ವಸತಿ ಶಬ್ದಕ್ಕೆ ಅಮರಸಿಂಹನು ನಾನಾರ್ಥವರ್ಗದಲ್ಲಿ ಎರಡು ಅರ್ಥಗಳನ್ನು ಹೇಳಿದ್ದಾನೆ: ಒಂದು ಮನೆ, ಇನ್ನೊಂದು ರಾತ್ರಿ. ಹಗಲೆಲ್ಲ ಹೊಲದಲ್ಲಿಯೋ ಹಾದಿಯಲ್ಲಿಯೋ ಕಳೆದವನು ರಾತ್ರಿ ಎಲ್ಲಿ ತಂಗುವನೋ ಅದೇ ಅವನ ವಸತಿ. ಈ ಎರಡನೆಯ ಅರ್ಥ ಕೋಶದಲ್ಲಿಯೇ ಉಳಿದು ಸತ್ತುಹೋಯಿತೆಂದು ತಿಳಿದವರು ಉತ್ತರ ಕರ್ನಾಟಕದ ಬಸ್ ನಿಲ್ದಾಣದಲ್ಲಿ ಸಂಜೆ ನಿಂತು ಕೇಳಬೇಕು. ಹಳ್ಳಿಗೆ ಹೋಗಿ ರಾತ್ರಿ ಅಲ್ಲಿಯೇ ನಿಂತು ಬೆಳಿಗ್ಗೆ ಹೊರಡುವ ಬಸ್ಸನ್ನು ಜನ ‘ವಸ್ತಿ ಬಸ್ಸು’ ಎನ್ನುತ್ತಾರೆ. ಬೀಗರ ಊರಿಗೆ ಹೋದವರು ‘ಇವತ್ತ ಇಲ್ಲೇ ವಸ್ತಿ’ ಎನ್ನುತ್ತಾರೆ. ಪಂಡಿತರ ನಿಘಂಟು ಮರೆಯಿಸಿದ ಅರ್ಥವನ್ನು ಕಂಡಕ್ಟರನು ಕಾಪಾಡಿದ್ದಾನೆ. ಇದೇ ಶಬ್ದ ತದ್ಭವವಾಗಿ ‘ಬಸದಿ’ಯಾಯಿತು, ಜಿನಾಲಯಕ್ಕೆ ಆ ಹೆಸರು ನಿಂತಿತು. ವಕಾರವು ಬಕಾರವಾಗುವುದೂ ತಕಾರವು ದಕಾರವಾಗುವುದೂ ಕೇಶಿರಾಜನ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣವನ್ನು ಓದಿದವರಿಗೆ ಹೊಸದಲ್ಲ.

ಸರಕಾರದ ಪಟ್ಟಿಗಳಲ್ಲಿ ಈ ಶಬ್ದವು ‘ವಸತಿರಹಿತ’ ಎಂಬ ಸಮಾಸದಲ್ಲಿ ಕಾಣಿಸಿಕೊಳ್ಳುತ್ತದೆ. ಅದರ ಪಕ್ಕದಲ್ಲಿಯೇ ‘ನಿವೇಶನರಹಿತ’ ಎಂಬ ಇನ್ನೊಂದು ಪಟ್ಟಿಯಿರುತ್ತದೆ. ಎರಡೂ ಒಂದೇ ಎಂದು ಬಹುಜನರು ಭಾವಿಸುತ್ತಾರೆ, ಒಂದಲ್ಲ. ವಸತಿರಹಿತನೆಂದರೆ ಜಾಗವಿದ್ದೂ ವಾಸಯೋಗ್ಯವಾದ ಮನೆಯಿಲ್ಲದವನು. ಅವನಿಗೆ ಮನೆ ಕಟ್ಟಲು ನೆರವು ಬೇಕು. ನಿವೇಶನರಹಿತನೆಂದರೆ ಮನೆ ಕಟ್ಟಲು ಜಾಗವೇ ಇಲ್ಲದವನು. ಅವನಿಗೆ ಮೊದಲು ನೆಲ ಬೇಕು. ಅಣ್ಣತಮ್ಮಂದಿರು ನಾಲ್ವರು ತಂದೆಯ ಒಂದೇ ಮನೆಯಲ್ಲಿ ಗೋಡೆ ಎಳೆದುಕೊಂಡು ಬಾಳುತ್ತಿರುವಾಗ ಕಿರಿಯವನು ತನ್ನನ್ನು ಯಾವ ಪಟ್ಟಿಯಲ್ಲಿ ಬರೆಯಿಸಿಕೊಳ್ಳಬೇಕು? ತಂದೆಯ ಹೆಸರಿನಲ್ಲಿರುವ ಜಾಗವನ್ನು ತನ್ನದೆಂದು ತೋರಿಸಿ ಮೊದಲನೆಯ ಪಟ್ಟಿಗೆ ಸೇರಿದರೆ, ಮುಂದೆ ‘ದಾಖಲೆ ನಿನ್ನ ಹೆಸರಿನಲ್ಲಿಲ್ಲ’ ಎಂದು ಅರ್ಜಿ ಹಿಂದಕ್ಕೆ ಬಂದೀತು. ಎರಡು ಶಬ್ದಗಳ ನಡುವಣ ಈ ಭೇದವನ್ನು ಅರ್ಜಿ ಬರೆಯುವ ಮೊದಲೇ ಅರಿಯುವುದು ಒಳಿತು.

‘ನಿವೇಶನ’ವು ‘ವಿಶ್’ ಧಾತುವಿನಿಂದ ಬಂದುದು. ಒಳಹೋಗು, ನೆಲೆಗೊಳ್ಳು ಎಂದರ್ಥ. ಪ್ರವೇಶ, ಸನ್ನಿವೇಶ, ಅಧಿವೇಶನ ಇವು ಇದರ ಒಡಹುಟ್ಟುಗಳು. ನಮ್ಮ ಶಾಸನಗಳಲ್ಲಿ ದತ್ತಿಯ ಭೂಮಿ, ಹೂದೋಟ, ಗಾಣಗಳ ಜೊತೆಗೆ ಮನೆಯ ನಿವೇಶನವನ್ನೂ ಕೊಟ್ಟ ಉಲ್ಲೇಖಗಳುಂಟು. ಆದುದರಿಂದ ಈ ಶಬ್ದವು ಕಚೇರಿಯವರು ಹೊಸದಾಗಿ ಹೊಸೆದುದಲ್ಲ, ಹಳೆಯ ನಾಣ್ಯವೇ ಮತ್ತೆ ಚಲಾವಣೆಗೆ ಬಂದುದು. ಆದರೆ ಹಳ್ಳಿಯ ಜನ ಇದನ್ನು ‘ಪ್ಲಾಟು’, ‘ಜಾಗಾ’ ಎಂದೇ ಕರೆಯುತ್ತಾರೆ. ಊರಿನ ಮನೆಗಳಿರುವ ನೆಲಕ್ಕೆ ಈ ಸೀಮೆಯಲ್ಲಿ ‘ಗಾವಠಾಣ’ ಎಂಬ ಹೆಸರಿದೆ. ಇದು ಸಂಸ್ಕೃತದ ‘ಗ್ರಾಮಸ್ಥಾನ’ವು ಮರಾಠಿಯ ಬಾಯಲ್ಲಿ ಸವೆದು ಬಂದ ರೂಪ. 1956ರವರೆಗೆ ವಿಜಾಪುರ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಗಾವಠಾಣ, ಉತಾರ, ತಲಾಠಿ, ಠರಾವು ಮುಂತಾದ ಶಬ್ದಗಳು ಇಲ್ಲಿ ಬೇರುಬಿಟ್ಟವು. ಹಳೆಯ ಮೈಸೂರಿನವರ ‘ಗ್ರಾಮಠಾಣಾ’, ‘ಖಾತೆ’, ‘ಶಾನುಭೋಗ’ಗಳು ಇಲ್ಲಿಯ ಮುದುಕರಿಗೆ ಪರಕೀಯ. ಏಕೀಕರಣವಾಗಿ ಇಷ್ಟು ವರ್ಷಗಳಾದರೂ ಬೆಂಗಳೂರಿನಿಂದ ಬರುವ ನಮೂನೆಯಲ್ಲಿ ‘ಖಾತೆಯ ಪ್ರತಿ ಲಗತ್ತಿಸಿ’ ಎಂದಿದ್ದರೆ, ಬಾದಾಮಿಯ ರೈತನು ಅದು ಬ್ಯಾಂಕಿನ ಖಾತೆಯೆಂದು ತಿಳಿದು ಪಾಸುಪುಸ್ತಕವನ್ನು ಹಚ್ಚಿದರೆ ಆಶ್ಚರ್ಯವೇನು? ಅವನಿಗೆ ಬೇಕಾದುದು ‘ಮನಿ ಉತಾರ’. ಇಂದು ಗ್ರಾಮ ಪಂಚಾಯತಿಯಿಂದ ಗಣಕಯಂತ್ರದ ಮೂಲಕ ಬರುವ ಆಸ್ತಿಯ ದಾಖಲೆಗೆ ‘ಇ-ಸ್ವತ್ತು’ ಎಂದು ಹೆಸರು. ಸ್ವತ್ತು ಎಂಬುದು ಸಂಸ್ಕೃತದ ‘ಸ್ವತ್ವ’, ಎಂದರೆ ತನ್ನತನ, ತನ್ನದಾಗಿರುವಿಕೆ. 2020ರಲ್ಲಿ ಕೇಂದ್ರ ಸರಕಾರವು ಡ್ರೋನ್ ಹಾರಿಸಿ ಗಾವಠಾಣದ ಆಸ್ತಿಗಳನ್ನು ಅಳೆಯುವ ಯೋಜನೆಗೆ ‘ಸ್ವಾಮಿತ್ವ’ ಎಂದು ಹೆಸರಿಟ್ಟಿತು. ಸ್ವಾಮಿತ್ವಕ್ಕೂ ಅದೇ ‘ಸ್ವ’ವೇ ಮೂಲ.

‘ಹಕ್ಕುಪತ್ರ’ವೆಂಬ ಸಮಾಸವನ್ನು ನೋಡಿದರೆ ಕೇಶಿರಾಜನು ಹುಬ್ಬು ಗಂಟಿಕ್ಕುತ್ತಿದ್ದನೋ ಏನೋ. ‘ಹಕ್ಕು’ ಅರಬ್ಬಿಯಿಂದ ಬಂದು ಕನ್ನಡವಾದುದು, ‘ಪತ್ರ’ ಸಂಸ್ಕೃತ. ಕನ್ನಡಿಸಿದ ದೇಶೀಯ ಪದಕ್ಕೆ ಸಂಸ್ಕೃತ ಪದವನ್ನು ಹೆಣೆದರೆ ಅದು ಅರಿಸಮಾಸ. ಬಿರುದಾವಳಿ ಮುಂತಾದ ಕೆಲವೆಡೆಗಳನ್ನುಳಿದು ಹಳೆಯ ವೈಯಾಕರಣರು ಅದನ್ನು ಒಪ್ಪಲಿಲ್ಲ. ಆದರೆ ಬಡವನ ಮನೆಯ ಪೆಟ್ಟಿಗೆಯ ತಳದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಆ ಹಾಳೆಯ ಮುಂದೆ ವ್ಯಾಕರಣವು ತಲೆಬಾಗಬೇಕಾಗುತ್ತದೆ. ಹಕ್ಕುಪತ್ರದಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು: ಯಾರ ಹೆಸರು, ಯಾವ ಚಕ್ಕುಬಂದಿ, ಯಾವ ಷರತ್ತು. ಚಕ್ಕುಬಂದಿಯೆಂದರೆ ನಾಲ್ಕು ದಿಕ್ಕಿನ ಎಲ್ಲೆ. ಷರತ್ತುಗಳಲ್ಲಿ ‘ಪರಭಾರೆ ಮಾಡತಕ್ಕದ್ದಲ್ಲ’ ಎಂಬ ಮಾತು ಸಾಮಾನ್ಯವಾಗಿ ಇರುತ್ತದೆ. ಪರಭಾರೆಯೆಂದರೆ ಇನ್ನೊಬ್ಬರಿಗೆ ಹಸ್ತಾಂತರಿಸುವುದು. ಮಾರಾಟ ಮಾತ್ರವಲ್ಲ, ದಾನವೂ ಅದರಲ್ಲಿ ಸೇರುತ್ತದೆ. ಮಗಳ ಮದುವೆಯ ಸಾಲಕ್ಕಾಗಿ ಇಂಥ ಜಾಗವನ್ನು ಬರಿಯ ಕಾಗದದ ಮೇಲೆ ಬರೆದುಕೊಟ್ಟವನೂ ಬರೆಸಿಕೊಂಡವನೂ ಇಬ್ಬರೂ ತೊಂದರೆಗೆ ಸಿಲುಕುವರು.

ಕರ್ನಾಟಕದ ವಸತಿ ಯೋಜನೆಗಳಲ್ಲಿ ಹಕ್ಕುಪತ್ರವನ್ನೂ ಮನೆಯ ಮಂಜೂರಾತಿಯನ್ನೂ ಸಾಮಾನ್ಯವಾಗಿ ಮನೆಯ ಹೆಣ್ಣುಮಗಳ ಹೆಸರಿನಲ್ಲಿ ಕೊಡುವ ಪದ್ಧತಿ ಬಂದಿದೆ. ಗೃಹವುಳ್ಳವಳು ಗೃಹಿಣಿ ಎಂದು ಶಬ್ದವು ಎಂದೋ ಹೇಳಿತ್ತು. ಕಾಗದವು ಅದನ್ನು ಒಪ್ಪಿಕೊಳ್ಳಲು ಬಹುಕಾಲ ಹಿಡಿಯಿತು.

ಇನ್ನು ಯೋಜನೆಗಳ ಹೆಸರುಗಳು. 1970ರ ದಶಕದಲ್ಲಿ ಕಟ್ಟಿದ ಮನೆಗಳಿಗೆ ‘ಜನತಾ ಮನೆ’ಯೆಂದು ಹೆಸರಾಯಿತು, ಅಂಥ ಓಣಿಗಳಿಗೆ ‘ಜನತಾ ಪ್ಲಾಟು’ ಎಂಬ ಹೆಸರು ಅನೇಕ ಊರುಗಳಲ್ಲಿ ಇಂದಿಗೂ ಉಳಿದಿದೆ. 1985-86ರಲ್ಲಿ ಕೇಂದ್ರದ ಇಂದಿರಾ ಆವಾಸ್ ಯೋಜನೆ ಆರಂಭವಾಗಿ 1996ರಲ್ಲಿ ಸ್ವತಂತ್ರ ಯೋಜನೆಯಾಯಿತು. 2016ರಲ್ಲಿ ಅದು ಪ್ರಧಾನಮಂತ್ರಿ ಆವಾಸ್ ಯೋಜನೆಯಾಗಿ ಮಾರ್ಪಟ್ಟಿತು. ಕರ್ನಾಟಕ ಸರಕಾರವು 1991-92ರಲ್ಲಿ ‘ಆಶ್ರಯ’ ಯೋಜನೆಯನ್ನು ತಂದಿತು; ಅದರ ಗ್ರಾಮೀಣ ಭಾಗವು ಮುಂದೆ ‘ಬಸವ ವಸತಿ ಯೋಜನೆ’ ಎನಿಸಿತು. ಈ ಕಾರ್ಯಗಳನ್ನು ನಡೆಸಲು 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ‘ನಿಗಮ’ವನ್ನು ಅಮರಸಿಂಹನು ಪಟ್ಟಣದ ಪರ್ಯಾಯಗಳಲ್ಲಿ ಎಣಿಸಿದ್ದಾನೆ, ಅದಕ್ಕೆ ವೇದವೆಂಬ ಅರ್ಥವೂ ಉಂಟು. ಪಟ್ಟಣದ ಹೆಸರನ್ನು ಹೊತ್ತ ಸಂಸ್ಥೆ ಹಳ್ಳಿಗೆ ಮನೆ ಕಟ್ಟಿಸುವುದು ಒಂದು ಸೋಜಿಗ.

‘ಆಶ್ರಯ’ದ ಮೂಲವಾದ ‘ಶ್ರಿ’ ಧಾತುವಿಗೆ ಒರಗು, ಆತುಕೊಳ್ಳು ಎಂದರ್ಥ. ಬಳ್ಳಿಯು ಮರವನ್ನು ಆಶ್ರಯಿಸುವಂತೆ. ಇದೇ ಶಬ್ದ ಕನ್ನಡದಲ್ಲಿ ತದ್ಭವವಾಗಿ ‘ಆಸರೆ’ಯಾಯಿತು. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದ ಮೇಲೆ ಎಡೆಬಿಡದೆ ಮಳೆ ಸುರಿದು ಮಲಪ್ರಭೆ, ಕೃಷ್ಣೆ, ಡೋಣಿಗಳು ಉಕ್ಕಿ ಊರುಗಳನ್ನು ನುಂಗಿದಾಗ, ಮನೆ ಕಳೆದುಕೊಂಡವರಿಗಾಗಿ ರಾಜ್ಯವು ಕೈಗೊಂಡ ಯೋಜನೆಗೆ ‘ಆಸರೆ’ ಎಂದು ಹೆಸರಿಟ್ಟರು. ಹೀಗೆ ಒಂದೇ ಶಬ್ದದ ತತ್ಸಮ ರೂಪವು ಒಂದು ಯೋಜನೆಗೆ, ತದ್ಭವ ರೂಪವು ಇನ್ನೊಂದಕ್ಕೆ ಹೆಸರಾಯಿತು. ಹೆಸರಿಟ್ಟವರು ಇದನ್ನು ಅರಿತು ಇಟ್ಟರೋ ಅರಿಯದೆ ಇಟ್ಟರೋ, ತತ್ಸಮ ತದ್ಭವಗಳನ್ನು ಕಲಿಸುವ ಉಪಾಧ್ಯಾಯರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು. ಈ ಭಾಗದಲ್ಲಿ ಬಂದ ಅತಿಥಿಯನ್ನು ‘ಆಸರಕ್ಕ ಏನ ಬೇಕ್ರಿ’ ಎಂದು ಕೇಳುವ ವಾಡಿಕೆಯುಂಟಷ್ಟೆ. ಆ ‘ಆಸರ’ ಬೇರೆ. ಅದು ದಣಿವು, ನೀರಡಿಕೆ ಎಂಬರ್ಥದ ಅಚ್ಚಗನ್ನಡ ಶಬ್ದ. ಎರಡನ್ನೂ ಬೆರೆಸಬಾರದು.

ಇಲ್ಲಿ ಇನ್ನೊಂದು ಶಬ್ದವನ್ನು ನೆನೆಯುವುದು ಉಚಿತ. ‘ಶರಣ’ ಎಂದೊಡನೆ ಕನ್ನಡಿಗರಿಗೆ ಕಲ್ಯಾಣದ ಶಿವಶರಣರು ನೆನಪಾಗುತ್ತಾರೆ. ಸಂಸ್ಕೃತ ಕೋಶದಲ್ಲಿ ಶರಣ ಶಬ್ದಕ್ಕೆ ಮನೆ ಎಂಬುದೂ ರಕ್ಷಕನೆಂಬುದೂ ಅರ್ಥಗಳು. ಶರಣು ಹೋಗುವುದೆಂದರೆ ಒಂದು ಮನೆಯೊಳಗೆ ಹೋಗಿ ನಿಲ್ಲುವುದು. ಬಸವಣ್ಣನವರ ಹೆಸರನ್ನು ವಸತಿ ಯೋಜನೆಗೆ ಇಟ್ಟುದರಲ್ಲಿ ಈ ದೃಷ್ಟಿಯಿಂದ ಒಂದು ಔಚಿತ್ಯವಿದೆ. ಚೊಳಚಗುಡ್ಡದ ಮಗ್ಗುಲಲ್ಲಿ ಹರಿಯುವ ಮಲಪ್ರಭೆಯೂ ಕೊನೆಗೆ ಸೇರುವುದು ಕೂಡಲಸಂಗಮದಲ್ಲಿಯೇ.

ಆದರೆ ಆ ನದಿ ಒಮ್ಮೊಮ್ಮೆ ದಂಡೆಯನ್ನು ಮೀರಿ ಬರುತ್ತದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ ಸೀಮೆಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ತಡೆದು ನಿಂತು, ಅಲ್ಲಿಂದ ಕೆಳಗೆ ಬಾದಾಮಿ ಹುನಗುಂದಗಳ ಕಡೆಗೆ ಹರಿಯುವ ಈ ನದಿ 2019ರ ಆಗಸ್ಟಿನಲ್ಲಿ ಮತ್ತೆ ಉಕ್ಕಿತು. ಪಟ್ಟದಕಲ್ಲಿನ ಗುಡಿಗಳ ಪ್ರಾಂಗಣಕ್ಕೂ ನೀರು ನುಗ್ಗಿತು. ಇಂಥದಕ್ಕೆ ಪತ್ರಿಕೆಗಳು ‘ನೆರೆ’ಯೆಂದೂ ಕಚೇರಿಗಳು ‘ಪ್ರವಾಹ’ವೆಂದೂ ಬರೆಯುತ್ತವೆ, ದಂಡೆಯ ಜನ ‘ಹೊಳಿ ಬಂತು’ ಎನ್ನುತ್ತಾರೆ. ಹೊಳೆ ಇದ್ದಲ್ಲಿಯೇ ಇರುವಾಗ ಅದು ಹೊಳೆಯಲ್ಲ, ಮನೆಗೆ ಬಂದಾಗಲೇ ಹೊಳೆ ಎಂಬಂತಿದೆ ಈ ಮಾತು. ‘ನೆರೆ’ ಶಬ್ದಕ್ಕೆ ಕನ್ನಡದಲ್ಲಿ ಪಕ್ಕದವರೆಂಬ ಅರ್ಥವೂ ಉಂಟೆಂಬುದನ್ನು ಹೇಳಬೇಕಾಗಿಲ್ಲ. ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಮೊದಲು ಅನ್ನವಿಟ್ಟವರು ನೆರೆಯವರು ಎಂದರೆ ಶ್ಲೇಷೆಯಾಗುತ್ತದೆ. ಆದರೆ ನಡೆಯುವುದೂ ಹಾಗೆಯೇ.

ಹೀಗೆ ತೊಂದರೆಗೊಳಗಾದವರನ್ನು ಕಾಗದಗಳು ‘ಸಂತ್ರಸ್ತ’ರೆಂದು ಕರೆಯುತ್ತವೆ. ‘ತ್ರಸ್’ ಎಂದರೆ ಹೆದರು; ಸಂತ್ರಸ್ತನೆಂದರೆ ಚೆನ್ನಾಗಿ ಹೆದರಿದವನು. ಮನೆ ಕಳೆದುಕೊಂಡವನಿಗೆ ಭಯವು ಒಂದು ಭಾಗ ಮಾತ್ರ. ಬೀಜ, ದನ, ದಾಖಲೆ, ಹಗೇವಿನ ಜೋಳ ಇವೆಲ್ಲ ಹೋದುದನ್ನು ಈ ಶಬ್ದ ಹೇಳುವುದಿಲ್ಲ. ‘ಬಾಧಿತ’ ಎಂಬುದು ಹೆಚ್ಚು ಸರಿಯಾದ ಶಬ್ದವಾಗಿತ್ತು. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಊರು ಬಿಟ್ಟವರಿಗಾಗಿ ಜನರೇ ಮಾಡಿಕೊಂಡ ಶಬ್ದ ‘ಮುಳುಗಡೆಯವರು’. ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ ನವನಗರ ಹುಟ್ಟಿದ ಮೇಲೆ ಈ ಶಬ್ದ ಮನೆಮನೆಯ ಮಾತಾಯಿತು. ಮುಳುಗಡೆಯೆಂಬ ಶಬ್ದದಲ್ಲಿ ಒಂದು ಪ್ರಾಮಾಣಿಕತೆಯಿದೆ. ನೀರು ತಾನಾಗಿ ಬಂದುದು ನೆರೆ, ತಂದು ನಿಲ್ಲಿಸಿದುದು ಮುಳುಗಡೆ. ಪರಿಹಾರದ ಲೆಕ್ಕವೂ ಇವೆರಡಕ್ಕೆ ಬೇರೆ ಬೇರೆ.

‘ಪುನರ್ವಸತಿ’ಯು ‘ಸ್ಥಳಾಂತರ’ಕ್ಕಿಂತ ಬೇರೆ ಎಂಬುದನ್ನು ಮರೆಯಬಾರದು. ಸ್ಥಳಾಂತರವೆಂದರೆ ಒಂದು ಸ್ಥಳದಿಂದ ಇನ್ನೊಂದಕ್ಕೆ ಒಯ್ಯುವುದು; ಅದು ಲಾರಿಯಿಂದ ಆಗುವ ಕೆಲಸ. ಪುನರ್ವಸತಿಯೆಂದರೆ ಮರಳಿ ಬಾಳುವಂತಾಗುವುದು. ಅದಕ್ಕೆ ಬಾವಿ, ದಾರಿ, ಶಾಲೆ, ಸ್ಮಶಾನ, ಗುಡಿ, ದನದ ನೆರಳು, ಹೊಲಕ್ಕೆ ಹತ್ತಿರದ ಹಾದಿ ಎಲ್ಲವೂ ಬೇಕು. ಹೊಸ ಬಡಾವಣೆಗಳಲ್ಲಿ ಮನೆ ಕೊಟ್ಟರೂ ಕೆಲವರು ಹಳೆಯ ಊರಿಗೆ ಮರಳುವುದನ್ನು ಕಂಡು ಅದನ್ನು ಮೂಢತನವೆನ್ನುವವರುಂಟು. ಈ ಸೀಮೆಯ ಹಳೆಯ ಮನೆಯನ್ನು ಒಮ್ಮೆ ಒಳಹೊಕ್ಕು ನೋಡಿದರೆ ಕಾರಣ ತಿಳಿಯುತ್ತದೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಕಂಬ ತೊಲೆ ಜಂತಿಗಳ ಮೇಲೆ ಮೇಲ್ಮುದ್ದೆಯ ಮಾಳಿಗೆ, ನಡುವೆ ಬೆಳಕಿಂಡಿ. ಬಾಗಿಲು ದಾಟಿದೊಡನೆ ದನಗಳ ಗ್ವಾದಲಿ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಒಳಗೆ ಅಡುಗೆಮನೆ, ದೇವರಮನೆ. ಎತ್ತುಗಳು ಮನೆಯವರೊಡನೆ ಒಂದೇ ಮಾಳಿಗೆಯ ಕೆಳಗೆ ರಾತ್ರಿ ಕಳೆಯುತ್ತವೆ. ಮನೆಯ ಅಳತೆಯೂ ಅಡಿಗಳಲ್ಲಿ ಇರಲಿಲ್ಲ, ‘ಖಣ’ಗಳಲ್ಲಿತ್ತು: ಎರಡು ತೊಲೆಗಳ ನಡುವಣ ಅಂತರ ಒಂದು ಖಣ, ಹಳೆಯ ಕನ್ನಡದಲ್ಲಿ ಅಂಕಣ. (ಗುಳೇದಗುಡ್ಡದಲ್ಲಿ ನೇಯುವ ಕುಪ್ಪಸದ ಖಣವನ್ನು ಇದರೊಡನೆ ಗೊಂದಲಗೊಳಿಸಬಾರದು.) ಪ್ರಧಾನಮಂತ್ರಿ ಆವಾಸ್ ಯೋಜನೆಯು ಮನೆಯ ಕನಿಷ್ಠ ವಿಸ್ತೀರ್ಣವನ್ನು ಹಿಂದಿನ 20 ಚದರ ಮೀಟರುಗಳಿಂದ 25ಕ್ಕೆ ಏರಿಸಿ, ಅದರಲ್ಲಿ ಅಡುಗೆಯ ಸ್ಥಳವನ್ನೂ ಸೇರಿಸಿತು. ಅದು ಒಳ್ಳೆಯದೇ. ಆದರೆ ಎತ್ತಿಗೆ ಅದರಲ್ಲಿ ಜಾಗವಿಲ್ಲ. ಮನುಷ್ಯರನ್ನು ಎಣಿಸಿ ಮನೆ ಕಟ್ಟುವವರ ಲೆಕ್ಕದಲ್ಲಿ ಎತ್ತು ಬರದಿದ್ದರೆ, ಒಕ್ಕಲಿಗನ ಲೆಕ್ಕದಲ್ಲಿ ಆ ಮನೆ ಬರುವುದಿಲ್ಲ. ‘ಕಚ್ಚಾ ಮನೆ’, ‘ಪಕ್ಕಾ ಮನೆ’ ಎಂಬ ವರ್ಗೀಕರಣವೂ ಹೀಗೆಯೇ. ಪಕ್ಕಾ ಎಂಬುದು ಸಂಸ್ಕೃತದ ‘ಪಕ್ವ’, ಬೆಂದದ್ದು. ಕಚ್ಚಾ ಎಂದರೆ ಹಸಿಯದು. ಏಪ್ರಿಲ್ ತಿಂಗಳ ಮಧ್ಯಾಹ್ನ ಮೇಲ್ಮುದ್ದೆಯ ಮನೆಯಲ್ಲಿ ಮಲಗಿದವನಿಗೂ ಕಾಂಕ್ರೀಟಿನ ಛತ್ತಿನ ಕೆಳಗೆ ಮಲಗಿದವನಿಗೂ ಬೇಯುವವರು ಯಾರೆಂಬುದು ಗೊತ್ತು! ಆದರೂ ನೆರೆಯ ನೀರಿಗೆ ಮಣ್ಣಿನ ಗೋಡೆ ನಿಲ್ಲದೆಂಬುದು ನಿಜ. ಆ ಮಾತಿನಲ್ಲಿ ಎಂಜಿನಿಯರರ ಪಕ್ಷವೇ ಸರಿ.

2019ರ ನೆರೆಯ ಬಳಿಕ ಒಂದು ಹೊಸ ವರ್ಣಮಾಲೆಯೇ ಹಳ್ಳಿಗಳಿಗೆ ಬಂದಿತು. ಹಾನಿಯ ಪ್ರಮಾಣವನ್ನನುಸರಿಸಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಮುಕ್ಕಾಲು ಪಾಲಿಗಿಂತ ಹೆಚ್ಚು ಹಾನಿಯಾದುದು ಎ. ಕಾಲು ಭಾಗದಿಂದ ಮುಕ್ಕಾಲಿನವರೆಗೆ ಬಿ. ಅದಕ್ಕಿಂತ ಕಡಿಮೆಯಾದುದು ಸಿ. ಎ ವರ್ಗದ ಮನೆಗೆ ರಾಜ್ಯವು 5 ಲಕ್ಷ ರೂಪಾಯಿಗಳ ನೆರವನ್ನು ಘೋಷಿಸಿತು. ಸಿ ವರ್ಗದ್ದು ಅದರ ಸಣ್ಣದೊಂದು ಅಂಶ. ಇಲ್ಲಿ ನಿರ್ಣಾಯಕವಾದುದು ‘ಭಾಗಶಃ’ ಎಂಬ ಒಂದು ಅವ್ಯಯ. ‘ಭಾಗಶಃ ಹಾನಿ’ ಎಂದು ಬರೆದ ಮನೆಗೂ ‘ಪೂರ್ಣ ಹಾನಿ’ ಎಂದು ಬರೆದ ಮನೆಗೂ ಲಕ್ಷಗಳ ಅಂತರ. ಮಣ್ಣಿನ ಗೋಡೆಯ ಸ್ವಭಾವವಾದರೋ ಹೀಗಿದೆ: ಸೊಂಟದ ಮಟ್ಟಕ್ಕೆ ನೆನೆದ ಗೋಡೆ ನೀರಿಳಿದ ದಿನ ನಿಂತೇ ಇರುತ್ತದೆ; ಬಿಸಿಲು ಬಿದ್ದು ಒಣಗುವಾಗ ಬಿರಿದು ಕುಸಿಯುತ್ತದೆ. ಸಮೀಕ್ಷೆಗೆ ಬಂದವರು ನಿಂತ ಗೋಡೆಯನ್ನು ನೋಡಿ ‘ಭಾಗಶಃ’ ಎಂದು ಬರೆದರೆ, ಅದು ಅಂದಿನ ಮಟ್ಟಿಗೆ ಸುಳ್ಳಲ್ಲ. ತಿಂಗಳ ಬಳಿಕ ಸತ್ಯವೂ ಅಲ್ಲ. ಆಗ ಮನೆಯವರು ಕೇಳಬೇಕಾದುದು ‘ಮರುಸಮೀಕ್ಷೆ’ಯನ್ನು, ಕೊಡಬೇಕಾದುದು ‘ಆಕ್ಷೇಪಣೆ’ಯನ್ನು, ಅದಕ್ಕೆ ಪಡೆಯಬೇಕಾದುದು ‘ಸ್ವೀಕೃತಿ’ಯನ್ನು. ಬಾಯಿಮಾತಿನಲ್ಲಿ ಹೇಳಿ ಬಂದುದಕ್ಕೆ ಯಾವ ಕಚೇರಿಯಲ್ಲಿಯೂ ಸ್ವೀಕೃತಿಯಿಲ್ಲ. ಈ ಮೂರು ಶಬ್ದಗಳನ್ನಾದರೂ ಪ್ರತಿಯೊಬ್ಬ ವಿದ್ಯಾರ್ಥಿಯು ತನ್ನ ಮನೆಯವರಿಗೆ ತಿಳಿಸಿಕೊಡಬೇಕು.

‘ಫಲಾನುಭವಿ’ಯು ಫಲ ಮತ್ತು ಅನುಭವಿ ಎಂಬೆರಡು ಪದಗಳ ಸವರ್ಣದೀರ್ಘಸಂಧಿ. ಕರ್ಮಸಿದ್ಧಾಂತದಲ್ಲಿ ಮಾಡಿದವನೇ ಫಲವನ್ನು ಅನುಭವಿಸುವನು. ಯೋಜನೆಯ ಫಲಾನುಭವಿಯು ಮಾಡಿದುದೇನು? ಬಡವನಾಗಿ ಇದ್ದುದು ಅಷ್ಟೆ. ಶಬ್ದವು ಪಡೆಯುವವನನ್ನು ಸುಮ್ಮನೆ ಕುಳಿತು ಹಣ್ಣು ತಿನ್ನುವವನಂತೆ ತೋರಿಸುತ್ತದೆ. ಕಾಯಕವನ್ನು ಕೈಲಾಸವೆಂದು ಬಗೆದ ಪರಂಪರೆಯವರಿಗೆ ಇದು ಸಲ್ಲದ ಮಾತು. ಮನೆ ಕಟ್ಟುವಾಗ ಕಲ್ಲು ಹೊತ್ತು, ಇಟ್ಟಿಗೆಗೆ ನೀರುಣಿಸಿ, ಗೌಂಡಿಗೆ ಕೈಯಾಳಾಗಿ ದುಡಿಯುವವನು ಮನೆಯವನೇ. ‘ಹಕ್ಕುದಾರ’ನೆಂದರೆ ಸಾಲದೆ? ಆದರೆ ಶಬ್ದ ರೂಢವಾಗಿದೆ. ಇನ್ನು ತೆಗೆದುಹಾಕುವುದು ಕಷ್ಟ.

ಫಲಾನುಭವಿಗಳ ಪಟ್ಟಿಯ ವಿಷಯದಲ್ಲಿ ವ್ಯಾಕರಣದ ಮೂರು ಸಂಧಿಗಳೂ ಉಪಯೋಗಕ್ಕೆ ಬರುತ್ತವೆ. ಇದ್ದ ಹೆಸರು ಬಿಟ್ಟುಹೋದರೆ ಲೋಪ; ಇಲ್ಲದ ಹೆಸರು ಬಂದು ಸೇರಿದರೆ ಆಗಮ; ಒಬ್ಬನ ಸ್ಥಾನದಲ್ಲಿ ಇನ್ನೊಬ್ಬನು ಬಂದು ಕುಳಿತರೆ ಆದೇಶ. ಸರಕಾರದ ಅಪ್ಪಣೆಗೂ ‘ಆದೇಶ’ವೆಂದೇ ಹೆಸರಿರುವುದು ಕಾಕತಾಳೀಯ. ಹಳೆಗನ್ನಡ ಓದುವಾಗ ಪದಗಳ ನಡುವೆ ಇವನ್ನು ಗುರುತಿಸುವ ವಿದ್ಯಾರ್ಥಿ ಪಂಚಾಯತಿಯ ಗೋಡೆಗೆ ಹಚ್ಚಿದ ಪಟ್ಟಿಯಲ್ಲಿಯೂ ಗುರುತಿಸಲಿ.

ಹಣದ ಶಬ್ದಗಳಲ್ಲಿ ಮುಖ್ಯವಾದುದು ‘ಸಹಾಯಧನ’ ಮತ್ತು ‘ಸಾಲ’ಗಳ ಭೇದ. ಸಹಾಯಧನವನ್ನು ಹಿಂದಿರುಗಿಸಬೇಕಾಗಿಲ್ಲ, ಸಾಲವನ್ನು ಬಡ್ಡಿಯೊಡನೆ ತೀರಿಸಬೇಕು. ಆಶ್ರಯ ಯೋಜನೆಯ ಮನೆಗಳಲ್ಲಿ ಎರಡೂ ಬೆರೆತಿದ್ದವು. ‘ಸರಕಾರದ ರೊಕ್ಕ’ ಎಂದು ಎರಡನ್ನೂ ಒಂದೇ ಎಂದು ತಿಳಿದವರಿಗೆ ಮುಂದೆ ವಸೂಲಿಯ ಕಾಗದ ಬಂದಾಗ ದಿಗಿಲಾಯಿತು. ಪ್ರಧಾನಮಂತ್ರಿ ಆವಾಸ್ ಯೋಜನೆ ಆರಂಭವಾದಾಗ ಬಯಲು ಸೀಮೆಯ ಒಂದು ಮನೆಗೆ ನಿಗದಿಯಾದ 1 ಲಕ್ಷ 20 ಸಾವಿರ ರೂಪಾಯಿ ಸಹಾಯಧನ. ಅದು ಒಮ್ಮೆಲೆ ಕೈಗೆ ಬರುವುದಿಲ್ಲ, ‘ಕಂತು’ಗಳಲ್ಲಿ ಬರುತ್ತದೆ: ರಾಜ್ಯದ ರೂಢಿಯಲ್ಲಿ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತಗಳು. ಪ್ರತಿ ಹಂತದಲ್ಲಿಯೂ ಮನೆಯ ಛಾಯಾಚಿತ್ರವನ್ನು ಸ್ಥಳದ ಅಕ್ಷಾಂಶ ರೇಖಾಂಶಗಳೊಡನೆ ತೆಗೆದು ಕಳಿಸಬೇಕು; ಆ ಕ್ರಿಯೆಗೆ ಜನರ ಬಾಯಲ್ಲಿ ‘ಜಿ.ಪಿ.ಎಸ್. ಮಾಡಿಸುವುದು’ ಎಂದು ಹೆಸರಾಗಿದೆ. ‘ನಿಮ್ಮನಿ ಜಿ.ಪಿ.ಎಸ್. ಆತೇನ್ರಿ?’ ಎಂದು ಕೇಳುವುದು ‘ಊಟ ಆತೇನ್ರಿ’ ಎಂದಷ್ಟೇ ಸಹಜವಾಗಿದೆ. ಇಲ್ಲಿ ಎಚ್ಚರಿಕೆ ಬೇಕಾದ ಶಬ್ದ ‘ಕಾರ್ಯಾದೇಶ’. ಅದು ಕೈಗೆ ಬರುವ ಮುನ್ನ, ಪಟ್ಟಿಯಲ್ಲಿ ಹೆಸರು ಬಂದಿತೆಂಬ ಸಂತೋಷದಲ್ಲಿ ತಳಪಾಯ ತೆಗೆದವರು ಕಂತಿಗಾಗಿ ಅಲೆಯಬೇಕಾದೀತು. ಬಂದ ಮೇಲೆ ಅವಧಿಯೊಳಗೆ ಆರಂಭಿಸದಿದ್ದರೂ ತೊಡಕು. ಮನೆ ‘ಬ್ಲಾಕ್ ಆಯಿತು’ ಎನ್ನುತ್ತಾರೆ. ಜನರ ಹಂತಗಳೇ ಬೇರೆ. ಭೂಮಿಪೂಜೆ, ಚೌಕಟ್ಟು ನಿಲ್ಲಿಸುವುದು, ಹೊಸ್ತಿಲ ಪೂಜೆ, ಗೃಹಪ್ರವೇಶ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಲ್ಲಿ ಸಾಲುಸಾಲಾಗಿ ಮಾರಾಟಕ್ಕೆ ನಿಲ್ಲುವ ಕಟ್ಟಿಗೆಯ ಬಾಗಿಲು ಚೌಕಟ್ಟುಗಳನ್ನು ನೋಡಿದವರಿಗೆ ಗೊತ್ತು, ಲಿಂಟಲ್ ಕಂತು ಯಾವಾಗಲೇ ಬರಲಿ, ಚೌಕಟ್ಟನ್ನು ಮಾತ್ರ ಅಮ್ಮನ ಜಾತ್ರೆಯಲ್ಲಿಯೇ ಕೊಳ್ಳಬೇಕೆಂದು ಕಾಯುವವರು ಎಷ್ಟು ಜನ ಎಂಬುದು.

ಮನೆಯನ್ನು ನಿಲ್ಲಿಸುವ ಈ ‘ಬ್ಲಾಕ್’ ಶಬ್ದವೇ ಒಂದು ಕಾಲಕ್ಕೆ ಅಭಿವೃದ್ಧಿಯ ಘಟಕವಾಗಿತ್ತು. 1952ರ ಅಕ್ಟೋಬರ್ 2ರಂದು ದೇಶದಲ್ಲಿ 55 ಯೋಜನಾ ಪ್ರದೇಶಗಳಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. ಮರುವರ್ಷ ಅದೇ ದಿನ ರಾಷ್ಟ್ರೀಯ ವಿಸ್ತರಣ ಸೇವೆ. ಸುಮಾರು ನೂರು ಹಳ್ಳಿಗಳಿಗೆ ಒಂದು ಬ್ಲಾಕು, ಅದಕ್ಕೊಬ್ಬ ಬ್ಲಾಕ್ ಅಭಿವೃದ್ಧಿ ಅಧಿಕಾರಿ, ಕೆಳಗೆ ಗ್ರಾಮಸೇವಕರು. ‘ಬಿ.ಡಿ.ಓ. ಸಾಹೇಬರು’ ಎಂಬ ಮಾತು ಹಿರಿಯರ ಬಾಯಲ್ಲಿ ಇನ್ನೂ ಇದೆ. ‘ಅಭಿವೃದ್ಧಿ’ಯಲ್ಲಿರುವ ‘ವೃದ್ಧಿ’ ಮಂಗಳಕರವಾದ ಶಬ್ದ. ಪಾಣಿನಿಯು ತನ್ನ ಸೂತ್ರಪಾಠವನ್ನು ಆ ಶಬ್ದದಿಂದಲೇ ಆರಂಭಿಸಿದನೆಂದು ಭಾಷ್ಯಕಾರರು ಮೆಚ್ಚಿದ್ದಾರೆ. ಬಡ್ಡಿಗೂ ‘ವೃದ್ಧಿ’ಯೆಂಬ ಹೆಸರಿದೆಯೆಂಬುದನ್ನು ಸಾಲಗಾರನು ಮರೆಯಲಾರ. 1957ರಲ್ಲಿ ಬಲವಂತರಾಯ್ ಮೆಹತಾ ಸಮಿತಿಯು ಈ ಕಾರ್ಯಕ್ರಮವನ್ನು ಪರಿಶೀಲಿಸಿ, ಜನರು ತಾವಾಗಿ ಇದರಲ್ಲಿ ತೊಡಗಿಲ್ಲವೆಂದು ಕಂಡು, ಚುನಾಯಿತ ಪಂಚಾಯತಿಗಳ ಕೈಗೆ ಅಧಿಕಾರ ಕೊಡಬೇಕೆಂದು ಸೂಚಿಸಿತು. ಪಂಚಾಯತ್ ರಾಜ್ಯದ ಮೂಲ ಅಲ್ಲಿದೆ.

‘ಸಮುದಾಯ’ವನ್ನು ಬಿಡಿಸಿದರೆ ಸಮ್, ಉದ್, ಆಯ, ಒಟ್ಟಿಗೆ ಮೇಲೇಳುವುದು ಎಂಬ ಸೊಗಸಾದ ಅರ್ಥ ಹೊರಡುತ್ತದೆ. 1952ರ ಕಾರ್ಯಕ್ರಮದಲ್ಲಿ ಸಮುದಾಯವೆಂದರೆ ಇಡೀ ಊರು. ಇಂದು ‘ನಮ್ಮ ಸಮುದಾಯ’ ಎಂದರೆ ಕೇಳುವವರು ಜಾತಿಯೆಂದೇ ತಿಳಿಯುತ್ತಾರೆ. ‘ಸಮುದಾಯ ಭವನ’ಗಳು ಒಂದೊಂದು ಊರಿನಲ್ಲಿ ಮೂರು ನಾಲ್ಕು ಎದ್ದಿವೆ, ಒಂದೊಂದು ಜಾತಿಗೆ ಒಂದೊಂದು. ಎಪ್ಪತ್ತು ವರ್ಷಗಳಲ್ಲಿ ಶಬ್ದವೊಂದು ಊರಿನಿಂದ ಓಣಿಗೆ ಇಳಿದುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ದಾಸೋಹದ ಪಂಕ್ತಿಯಲ್ಲಿ ಎಲ್ಲರೂ ಕುಳಿತುಣ್ಣುವ ಮಠದ ಅಂಗಳದಲ್ಲಿ ಆಡುವ ಮಕ್ಕಳಾದರೂ ಇದರ ಹಿಂದಿನ ಅರ್ಥವನ್ನು ತಿಳಿದಿರಲಿ.

ಕೊನೆಯದಾಗಿ ‘ಗ್ರಾಮಸಭೆ’. ಇದನ್ನು ‘ಗ್ರಾಮ ಪಂಚಾಯತಿ ಸಭೆ’ಯೊಡನೆ ಬೆರೆಸುವುದೇ ಈ ವಿಷಯದಲ್ಲಿ ಅತ್ಯಂತ ದುಬಾರಿಯಾದ ತಪ್ಪು. ಪಂಚಾಯತಿಯ ಸಭೆಯಲ್ಲಿ ಕೂಡುವವರು ಚುನಾಯಿತ ಸದಸ್ಯರು ಮಾತ್ರ. ಗ್ರಾಮಸಭೆಯಲ್ಲಿ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬನೂ ಸದಸ್ಯ; 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಅದಕ್ಕೆ ಈ ಸ್ಥಾನವನ್ನು ಕೊಟ್ಟಿದೆ. ಅದಕ್ಕೆ ಮುಂಚೆ ವಾರ್ಡುಗಳಲ್ಲಿ ವಾರ್ಡುಸಭೆ ನಡೆಯಬೇಕು. ಮನೆ ಯಾರಿಗೆಂಬ ಆಯ್ಕೆ ನಡೆಯುವುದು ಗ್ರಾಮಸಭೆಯಲ್ಲಿ. ಅಂದು ಹೊಲಕ್ಕೆ ಹೋದವನು ಮರುದಿನ ಪಂಚಾಯತಿಯ ಕಟ್ಟೆಯ ಮೇಲೆ ನಿಂತು ಕೂಗಾಡಿ ಪ್ರಯೋಜನವಿಲ್ಲ. ಸಭೆಯಲ್ಲಿ ಆದ ತೀರ್ಮಾನಕ್ಕೆ ಈ ಕಡೆ ‘ಠರಾವು’ ಎನ್ನುವರು, ಬರೆದಿಡುವ ಪುಸ್ತಕಕ್ಕೆ ‘ನಡಾವಳಿ’. ಓದಿ ಹೇಳಿದ ಬಳಿಕವೇ ನಡಾವಳಿಗೆ ಸಹಿ ಹಾಕಬೇಕು. ಸಹಿ ಹಾಕಿದ ಮೇಲೆ ಓದಿಸುವುದು ಊಟವಾದ ಮೇಲೆ ಎಲೆ ಹಾಕಿದಂತೆ. ನಡಾವಳಿಯಲ್ಲಿ ಏನು ಬರೆದಿದೆಯೆಂಬ ಸಂಶಯ ಬಂದರೆ 2005ರ ಮಾಹಿತಿ ಹಕ್ಕು ಅಧಿನಿಯಮದ ಮೇರೆಗೆ 10 ರೂಪಾಯಿ ಶುಲ್ಕದೊಡನೆ ಪಂಚಾಯತಿಗೆ ಅರ್ಜಿ ಕೊಡಬಹುದು. ಬಡತನ ರೇಖೆಯ ಕೆಳಗಿನವರು ಆ ಶುಲ್ಕವನ್ನೂ ಕೊಡಬೇಕಾಗಿಲ್ಲ. ಉತ್ತರಕ್ಕೆ 30 ದಿನಗಳ ಗಡುವು. ಅರ್ಜಿಯಲ್ಲಿ ‘ಮಾಹಿತಿ ಕೊಡಿ’ ಎಂದಷ್ಟೇ ಬರೆಯದೆ, ಸಭೆಯ ದಿನಾಂಕವನ್ನು ಹೇಳಿ, ‘ನಡಾವಳಿಯ ದೃಢೀಕೃತ ನಕಲು’ ಎಂಬ ಶಬ್ದಗಳನ್ನೇ ಬಳಸಬೇಕು.